ಕುದುರೆಯ ಕೀಲು, ಕಾದ ಕಬ್ಬಿಣ ಮತ್ತು ಲೇಸರ್

ಸುಗ್ಗಿ ಮುಗಿದು ಎರೆಹೊಲಗಳು ಖಾಲಿಯಾದ ಮೇಲೆ ಹುನಗುಂದ, ಇಳಕಲ್ ಸುತ್ತಮುತ್ತ ಕುರಿಹಿಂಡುಗಳು ಬಂದಿಳಿಯುತ್ತವೆ. ಒಂದು ಹೊಲದಲ್ಲಿ ಎರಡು ಮೂರು ರಾತ್ರಿ ಕುರಿ ನಿಲ್ಲಿಸಿ, ಹಿಕ್ಕೆ ಗೊಬ್ಬರ ಕೊಟ್ಟು, ಮುಂದಿನ ಹೊಲಕ್ಕೆ ಸಾಗುವುದು ಈ ಸಂಚಾರಿ ಕುರುಬರ ಕ್ರಮ. ಹಿಂಡಿನ ಜೊತೆಯಲ್ಲಿ ಒಂದೆರಡು ಕುದುರೆಗಳಿರುತ್ತವೆ. ಎತ್ತರ ಕಡಿಮೆ, ಮೈ ಗಟ್ಟಿ. ಅವುಗಳ ಬೆನ್ನ ಮೇಲೆ ಕಂಬಳಿ, ಪಾತ್ರೆ ಪಗಡ, ಡೇರೆಯ ಗೂಟ, ಬಲೆ, ಕೋಳಿ, ಅಂದೇ ಹುಟ್ಟಿದ ಕುರಿಮರಿ, ಒಟ್ಟಿನಲ್ಲಿ ಇಡೀ ಸಂಸಾರವೇ ಇರುತ್ತದೆ. ಭೀಮಾ ನದಿಯ ಬಯಲಿನ ಹೆಸರು ಹೊತ್ತ ‘ಭೀಮಥಡಿ’ ತಳಿ, ಅಂದರೆ ದಖ್ಖನಿ ಕುದುರೆ, ಇವುಗಳ ಹತ್ತಿರದ ಸಂಬಂಧಿ. ಮಹಾರಾಷ್ಟ್ರದ ಧನಗರ ಕುರಿಗಾಹಿಗಳೂ ಇದನ್ನೇ ಸಾಕುತ್ತಾರೆ.

ಇಂಥ ಕುದುರೆ ಮುಂಗಾಲು ಎಳೆಯತೊಡಗಿದರೆ ಬಿಡಾರವೇ ನಿಂತಂತೆ. ಆಗ ಹಳ್ಳಿಗಳಲ್ಲಿ ಮೊದಲು ನೆನಪಾಗುವ ಮದ್ದು ಬರೆ. ಕಬ್ಬಿಣದ ಸಲಾಕೆಯನ್ನು ಕೆಂಪಗೆ ಕಾಸಿ ಬಾತ ಕೀಲಿನ ಮೇಲೆ ಎಳೆಯುತ್ತಾರೆ. ಎತ್ತಿಗೂ ಇದೇ, ಕುದುರೆಗೂ ಇದೇ. ಇದು ನಮ್ಮಲ್ಲಿ ಮಾತ್ರ ಇರುವ ಪದ್ಧತಿಯೆಂದು ನಾಚಿಕೊಳ್ಳಬೇಕಿಲ್ಲ. ಬ್ರಿಟನ್, ಅಮೆರಿಕಗಳ ಪಂದ್ಯದ ಕುದುರೆಗಳಿಗೂ 20ನೆಯ ಶತಮಾನದ ಕೊನೆಯವರೆಗೆ ಪಶುವೈದ್ಯರೇ ಕಾದ ಸೂಜಿಗಳಿಂದ ಬರೆ ಹಾಕುತ್ತಿದ್ದರು. ಇನ್ನೊಂದು ಕಡೆ, ಕುದುರೆಯ ಕೀಲುನೋವಿಗೆ ಲೇಸರ್ ಚಿಕಿತ್ಸೆ ಎಂಬ ಮಾತು ಈಗ ಪಂದ್ಯದ ಮೈದಾನಗಳಿಂದ ಹಿಡಿದು ಸಾಕುಪ್ರಾಣಿಗಳ ಖಾಸಗಿ ಚಿಕಿತ್ಸಾಲಯಗಳವರೆಗೆ ಕೇಳಿಬರುತ್ತಿದೆ.

ಬರೆಗೂ ಲೇಸರಿಗೂ ಏನು ಸಂಬಂಧ ಎಂದು ಕೇಳಬಹುದು. ಭೌತವಿಜ್ಞಾನದ ದೃಷ್ಟಿಯಿಂದ ಎರಡೂ ಒಂದೇ ಕೆಲಸ ಮಾಡುತ್ತವೆ: ಹೊರಗಿನಿಂದ ಅಂಗಾಂಶಕ್ಕೆ ಶಕ್ತಿಯನ್ನು ಕೊಡುತ್ತವೆ. ಆ ಶಕ್ತಿ ಎಷ್ಟು, ಎಲ್ಲಿಗೆ ಮುಟ್ಟುತ್ತದೆ, ಎಷ್ಟು ಹೊತ್ತಿನಲ್ಲಿ ಹರಡುತ್ತದೆ ಎಂಬುದರಲ್ಲಿ ವ್ಯತ್ಯಾಸವೆಲ್ಲ ಅಡಗಿದೆ. ಪಿಯುಸಿ ಮಟ್ಟದ ಲೆಕ್ಕವೇ ಇದಕ್ಕೆ ಸಾಕು.

ಕುದುರೆಯ ‘ಮಂಡಿ’ ನಮ್ಮ ಮಣಿಕಟ್ಟು

ಮೊದಲು ಕೀಲನ್ನು ಗುರುತಿಸಿಕೊಳ್ಳೋಣ. ಕುದುರೆಯ ಮುಂಗಾಲಿನ ನಡುವೆ ಮಂಡಿಯಂತೆ ಕಾಣುವ ಭಾಗ ನಿಜವಾಗಿ ನಮ್ಮ ಮಣಿಕಟ್ಟಿಗೆ ಸಮಾನವಾದುದು. ಎರಡು ಸಾಲುಗಳಲ್ಲಿ ಜೋಡಿಸಿಟ್ಟ ಚಿಕ್ಕ ಮೂಳೆಗಳು ಅಲ್ಲಿವೆ. ಅವುಗಳ ಮೇಲೆ, ನಡುವೆ ಮತ್ತು ಕೆಳಗೆ ಹೀಗೆ ಮೂರು ಮುಖ್ಯ ಕೀಲುಗಳು. ಅದರ ಕೆಳಗಿರುವುದು ನಮ್ಮ ಅಂಗೈಯ ನಡುಮೂಳೆ. ಗೊರಸು ಎಂದರೆ ನಡುಬೆರಳಿನ ಉಗುರು. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿದ ಮೂಲೆಯು ನಮ್ಮ ಹಿಮ್ಮಡಿ. ನಿಜವಾದ ಮಂಡಿ ಅದಕ್ಕೂ ಮೇಲೆ, ಹೊಟ್ಟೆಗೆ ತಾಗಿದಂತಿದೆ. ತರಗತಿಯಲ್ಲಿ ಹೋಲಿಕೆಯ ಅಂಗರಚನೆಯನ್ನು ಹೇಳಿಕೊಡುವ ಶಿಕ್ಷಕರಿಗೆ ಊರಿನ ಟಾಂಗಾ ಕುದುರೆಗಿಂತ ಒಳ್ಳೆಯ ಮಾದರಿ ಸಿಗಲಾರದು. ಬಾದಾಮಿಯಲ್ಲಿ ರೈಲು ನಿಲ್ದಾಣದಿಂದ ಪಟ್ಟಣದವರೆಗಿನ ಐದು ಕಿಲೋಮೀಟರ್‌ಗಳಷ್ಟು ದಾರಿಯಲ್ಲಿ ಬಹಳ ಕಾಲ ಟಾಂಗಾಗಳೇ ಓಡಾಡುತ್ತಿದ್ದುದನ್ನು ಹಿರಿಯರು ಬಲ್ಲರು.

ಕುದುರೆಯ ದೇಹತೂಕದ ಶೇಕಡ 60ರಷ್ಟನ್ನು ಮುಂಗಾಲುಗಳು ಹೊರುತ್ತವೆ. ಪಂದ್ಯದ ಕುದುರೆ ನಾಗಾಲೋಟದಲ್ಲಿ ಓಡುವಾಗ ಒಂದು ಕ್ಷಣ ಒಂದೇ ಮುಂಗಾಲಿನ ಮೇಲೆ ಇಡೀ ದೇಹತೂಕದ ಸುಮಾರು ಎರಡೂವರೆ ಪಟ್ಟು ಬಲ ಬೀಳುತ್ತದೆ. 480 ಕಿ.ಗ್ರಾಂ. ತೂಗುವ ಪ್ರಾಣಿಯಾದರೆ 1200 ಕಿ.ಗ್ರಾಂ. ತೂಕದಷ್ಟು. ಅದನ್ನು ತಡೆದುಕೊಳ್ಳುವ ಮೂಳೆಗಳ ತುದಿಗೆ ಹೊದಿಸಿರುವ ಮೃದ್ವಸ್ಥಿಯ ದಪ್ಪ ಮಣಿಕಟ್ಟಿನಲ್ಲೂ ಗೊರಸಿನ ಮೇಲ್ಗಡೆಯ ಕೀಲಿನಲ್ಲೂ ಒಂದು ಮಿಲಿಮೀಟರ್‌ಗಿಂತ ಕಡಿಮೆ! ಹಿಂಗಾಲಿನ ನಿಜಮಂಡಿಯಲ್ಲಿ ಸುಮಾರು ಎರಡು ಮಿಲಿಮೀಟರ್ ಇರುತ್ತದೆ, ನಮ್ಮ ಮಂಡಿಯಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಈ ‘ಒಂದು ಮಿಲಿಮೀಟರ್‌ಗಿಂತ ಕಡಿಮೆ’ ಎಂಬ ಅಳತೆಯನ್ನು ನೆನಪಿಟ್ಟುಕೊಳ್ಳಿ, ಲೇಸರಿನ ಕತೆಯಲ್ಲಿ ಅದು ಮತ್ತೆ ಮತ್ತೆ ಬರುತ್ತದೆ.

ರಕ್ತವಿಲ್ಲದ ಅಂಗಾಂಶ

ಮೂಗಿನ ತುದಿಯನ್ನು ಅಥವಾ ಕಿವಿಯ ಅಂಚನ್ನು ಮಡಿಸಿ ನೋಡಿದರೆ ಕೈಗೆ ಸಿಗುವುದು ಮೃದ್ವಸ್ಥಿ. ಕೀಲಿನೊಳಗಿರುವುದು ಅದೇ ಬಳಗದ, ಆದರೆ ಗಾಜಿನಂತೆ ನುಣುಪಾದ ಬಗೆ. ತೂಕದಲ್ಲಿ ಅದರ ಶೇಕಡ 65ರಿಂದ 80 ಭಾಗ ಬರೀ ನೀರು. ಉಳಿದುದರಲ್ಲಿ ಹೆಚ್ಚಿನದು ಕೊಲಾಜನ್ ಎಂಬ ನಾರಿನ ಬಲೆ ಮತ್ತು ಆ ಬಲೆಯಲ್ಲಿ ಸಿಕ್ಕಿಕೊಂಡಿರುವ ಪ್ರೋಟಿಯೋಗ್ಲೈಕಾನ್ ಎಂಬ ಬೃಹತ್ ಅಣುಗಳು. ಈ ಅಣುಗಳ ಮೈತುಂಬ ಋಣ ವಿದ್ಯುದಂಶ. ಅದು ಧನ ಅಯಾನುಗಳನ್ನು, ಅವುಗಳ ಬೆನ್ನಿಗೆ ನೀರನ್ನು ಸೆಳೆದುಕೊಳ್ಳುತ್ತದೆ. ನೀರು ತುಂಬಿ ಉಬ್ಬಬೇಕೆನ್ನುವ ಅಣುಗಳನ್ನು ಕೊಲಾಜನ್ ಬಲೆ ಬಿಗಿಹಿಡಿದಿರುತ್ತದೆ. ಗಾಳಿ ತುಂಬಿದ ಟೈರಿನ ಹಾಗೆ ಒಳಗಿನ ಒತ್ತಡವೇ ಭಾರ ಹೊರುತ್ತದೆ.

ಕಾಲು ಊರಿದಾಗ ಸ್ವಲ್ಪ ನೀರು ಹೊರಕ್ಕೆ ಹಿಂಡಿಹೋಗುತ್ತದೆ, ಎತ್ತಿದಾಗ ಮತ್ತೆ ಒಳಕ್ಕೆ ಬರುತ್ತದೆ. ಈ ಹೋಗಿಬರುವ ನೀರಿನಲ್ಲೇ ಮೃದ್ವಸ್ಥಿಯ ಜೀವಕೋಶಗಳಿಗೆ ಬೇಕಾದ ಆಹಾರ ಬರಬೇಕು. ಏಕೆಂದರೆ ಅಲ್ಲಿ ರಕ್ತನಾಳಗಳಿಲ್ಲ, ದುಗ್ಧನಾಳಗಳಿಲ್ಲ, ನರಗಳೂ ಇಲ್ಲ. ಒಟ್ಟು ಗಾತ್ರದ ನೂರರಲ್ಲಿ ಒಂದರಿಂದ ಐದು ಪಾಲಷ್ಟೇ ಇರುವ ಆ ಕೋಶಗಳು ಒಂದೊಂದೂ ತನ್ನ ಗೂಡಿನಲ್ಲಿ ಒಂಟಿಯಾಗಿ ಕೂತು ಸುತ್ತಲ ಬಲೆಯನ್ನು ನೋಡಿಕೊಳ್ಳುತ್ತವೆ. ಮನುಷ್ಯನ ಕೀಲಿನ ಮೃದ್ವಸ್ಥಿಯಲ್ಲಿ ಕೊಲಾಜನ್ ಅರ್ಧದಷ್ಟು ಬದಲಾಗಲು ನೂರು ವರ್ಷಕ್ಕೂ ಹೆಚ್ಚು ಬೇಕೆಂಬ ಅಂದಾಜಿದೆ. ಅಂದರೆ ಒಮ್ಮೆ ಕಟ್ಟಿದ ಬಲೆ ಬಹುಮಟ್ಟಿಗೆ ಜೀವಮಾನದ್ದು.

ಚರ್ಮ ಕುಯ್ದುಕೊಂಡರೆ ರಕ್ತ ಬಂದು ಹೆಪ್ಪುಗಟ್ಟಿ, ಆ ಹೆಪ್ಪಿನೊಳಕ್ಕೆ ಹೊಸ ಕೋಶಗಳು ಬಂದು ಗಾಯ ಮಾಯುತ್ತದೆ. ರಕ್ತವೇ ಇಲ್ಲದಲ್ಲಿ ಈ ಕೆಲಸ ಶುರುವಾಗುವುದು ಹೇಗೆ? ಸ್ಕಾಟ್ಲೆಂಡಿನ ಅಂಗರಚನಾ ವಿಜ್ಞಾನಿ ವಿಲಿಯಂ ಹಂಟರ್ 1743ರಷ್ಟು ಹಿಂದೆಯೇ, ಮೃದ್ವಸ್ಥಿ ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ ಎಂಬ ಅರ್ಥದ ಮಾತನ್ನು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದ. ಇಂದಿಗೂ ಆ ಮಾತಿನ ಬಹುಪಾಲು ನಿಜವಾಗಿಯೇ ಉಳಿದಿದೆ.

ಆದರೆ ಗಾಯದ ಆಳ ಮುಖ್ಯ. ಗಾಯ ಮೇಲ್ಮೈಯಲ್ಲೇ ನಿಂತರೆ ಅದು ಮಾಯುವುದಿಲ್ಲ, ಎಷ್ಟೋ ಸಲ ಹಾಗೆಯೇ ಉಳಿಯುತ್ತದೆ. ಮೃದ್ವಸ್ಥಿಯನ್ನು ದಾಟಿ ಕೆಳಗಿನ ಮೂಳೆಯವರೆಗೆ ಇಳಿದರೆ ಮಜ್ಜೆಯ ರಕ್ತ ಮೇಲೆ ಬಂದು ಒಂದು ತೇಪೆ ಹಾಕುತ್ತದೆ. ತೇಪೆಯೇ ಹೊರತು ಮೂಲ ಬಟ್ಟೆಯಲ್ಲ. ನಾರು ಹೆಚ್ಚು, ಉಬ್ಬುವ ಅಣುಗಳು ಕಡಿಮೆ, ಬಾಳಿಕೆಯೂ ಕಡಿಮೆ. ಈ ಗುಣವನ್ನೇ ಉಪಯೋಗಿಸಿಕೊಂಡು ಅಮೆರಿಕದ ಶಸ್ತ್ರವೈದ್ಯ ರಿಚರ್ಡ್ ಸ್ಟೆಡ್‌ಮನ್ 1980ರ ದಶಕದಲ್ಲಿ ಮೂಳೆಯ ಮೇಲ್ಪದರಕ್ಕೆ ದಬ್ಬಳದಂಥ ಉಪಕರಣದಿಂದ ಸಣ್ಣ ಸಣ್ಣ ತೂತು ಮಾಡುವ ವಿಧಾನವನ್ನು ರೂಢಿಗೆ ತಂದ. ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಫ್ರಿಸ್ಬಿ, ವೇನ್ ಮೆಕ್ಇಲ್‌ರೈತ್ ಮೊದಲಾದವರು ಇದನ್ನು ಕುದುರೆಗಳ ಮಣಿಕಟ್ಟು ಮತ್ತು ಮಂಡಿಯಲ್ಲಿ ಪರೀಕ್ಷಿಸಿ, ತೂತು ಮಾಡಿದ ಗಾಯಗಳಲ್ಲಿ ತೇಪೆ ಹೆಚ್ಚು ತುಂಬಿಕೊಳ್ಳುವುದನ್ನು 1999ರಲ್ಲಿ ತೋರಿಸಿದರು. ಲೇಸರಾಗಲಿ ಬೇರೆ ಯಾವುದೇ ಚಿಕಿತ್ಸೆಯಾಗಲಿ, ದಬ್ಬಳದ ಈ ಸರಳ ಕೆಲಸಕ್ಕಿಂತ ಮೇಲೆಂದು ತೋರಿಸಬೇಕಾಗುತ್ತದೆ.

ನರಗಳಿಲ್ಲವೆಂದೆವಷ್ಟೆ. ಹಾಗಾದರೆ ಕುದುರೆ ಕುಂಟುವುದೇಕೆ? ಸವೆದ ಚೂರುಗಳು ಕೀಲುದ್ರವಕ್ಕೆ ಸೇರಿ, ಕೀಲಿನ ಒಳಪೊರೆ ಕೆರಳಿ ಬಾತುಕೊಳ್ಳುತ್ತದೆ. ಕೆಳಗಿನ ಮೂಳೆಗೂ ಏಟು ತಾಗುತ್ತದೆ. ನೋವು ಅಲ್ಲಿಂದ ಬರುತ್ತದೆ. ಅಂದರೆ ಕುದುರೆ ಕುಂಟಿದ್ದು ಕಣ್ಣಿಗೆ ಬಿದ್ದಾಗ ಮೃದ್ವಸ್ಥಿಯ ಹಾನಿ ಸಾಕಷ್ಟು ಹಳೆಯದಾಗಿರಬಹುದು. ಎಕ್ಸ್‌ರೇ ಚಿತ್ರದಲ್ಲಿ ಮೂಳೆಯ ಚಕ್ಕೆ ಎದ್ದಿರುವುದು ಕಾಣುತ್ತದೆ, ಮೃದ್ವಸ್ಥಿ ಕಾಣುವುದಿಲ್ಲ.

ಬರೆಯ ಬಿಸಿ ಎಲ್ಲಿಯವರೆಗೆ ಹೋಗುತ್ತದೆ?

ಈಗ ಮೊದಲ ಲೆಕ್ಕ. ಅಂಗಾಂಶದಲ್ಲಿ ಶಾಖ ಹರಡುವ ವೇಗವನ್ನು ‘ಉಷ್ಣ ವಿಸರಣ ಗುಣಾಂಕ’ ಎಂಬ ಸಂಖ್ಯೆ ಹೇಳುತ್ತದೆ. ನೀರು ಹೆಚ್ಚಿರುವ ಅಂಗಾಂಶಗಳಲ್ಲಿ ಇದು ಸೆಕೆಂಡಿಗೆ ಸುಮಾರು 0.13 ಚದರ ಮಿಲಿಮೀಟರ್. ಒಂದು ದೂರವನ್ನು ಶಾಖ ಕ್ರಮಿಸಲು ಬೇಕಾಗುವ ಕಾಲವನ್ನು ಅಂದಾಜಿಸಲು ದೂರದ ವರ್ಗವನ್ನು ಈ ಗುಣಾಂಕದ ನಾಲ್ಕು ಪಟ್ಟಿನಿಂದ ಭಾಗಿಸಬೇಕು. ದೂರ ಎರಡರಷ್ಟಾದರೆ ಕಾಲ ನಾಲ್ಕರಷ್ಟು.

ಚರ್ಮದಿಂದ ಕೀಲಿನ ಮೃದ್ವಸ್ಥಿಗೆ ಒಂದು ಸೆಂಟಿಮೀಟರ್ ಇದೆ ಎನ್ನಿ. ಹತ್ತರ ವರ್ಗ ನೂರು, ಅದನ್ನು 0.52ರಿಂದ ಭಾಗಿಸಿದರೆ ಸುಮಾರು 190 ಸೆಕೆಂಡ್, ಅಂದರೆ ಮೂರು ನಿಮಿಷಕ್ಕೂ ಮೇಲೆ. ಅರ್ಧ ಸೆಂಟಿಮೀಟರ್ ಎಂದುಕೊಂಡರೂ 48 ಸೆಕೆಂಡ್. ಬರೆಯ ಸಲಾಕೆ ಚರ್ಮಕ್ಕೆ ತಾಗಿರುವುದು ಎರಡು ಮೂರು ಸೆಕೆಂಡ್ ಮಾತ್ರ. ಆ ಹೊತ್ತಿನಲ್ಲಿ ಶಾಖ ಒಂದೂ ಕಾಲು ಮಿಲಿಮೀಟರ್ ಆಚೆಗೆ ಹೆಚ್ಚೇನೂ ಹೋಗಿರುವುದಿಲ್ಲ. ಕೆಂಪಗೆ ಕಾದ ಕಬ್ಬಿಣ ಚರ್ಮವನ್ನು ಸುಡುತ್ತದೆ. ಒಳಗಿನ ಮೃದ್ವಸ್ಥಿಗೆ ಅದು ಬಂದುಹೋದದ್ದೂ ತಿಳಿಯುವುದಿಲ್ಲ.

ಹಾಗಾದರೆ ಬರೆ ಹಾಕಿದ ಮೇಲೆ ಎಷ್ಟೋ ದನ, ಕುದುರೆಗಳು ಸುಧಾರಿಸಿದ್ದು ಸುಳ್ಳೇ? ಸುಳ್ಳಲ್ಲ. ಸುಟ್ಟ ಕಾಲಿನ ಪ್ರಾಣಿಯನ್ನು ಯಾರೂ ಗಾಡಿಗೆ ಹೂಡುವುದಿಲ್ಲ, ಹೇರು ಹೊರಿಸುವುದಿಲ್ಲ. ವಾರಗಟ್ಟಲೆ ಸಿಕ್ಕ ವಿಶ್ರಾಂತಿಯೇ ಅಲ್ಲಿ ಕೆಲಸ ಮಾಡಿರುತ್ತದೆ. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ಇಯಾನ್ ಸಿಲ್ವರ್ ಮತ್ತು ಸಂಗಡಿಗರು ಕುದುರೆಗಳ ಕಾಲಿನ ಸ್ನಾಯುರಜ್ಜು ಗಾಯಗಳ ಬಗ್ಗೆ ನಡೆಸಿ 1983ರಲ್ಲಿ ಪ್ರಕಟಿಸಿದ ವಿಸ್ತಾರವಾದ ಅಧ್ಯಯನದಲ್ಲಿ ಬರೆಯಿಂದ ಯಾವ ಲಾಭವೂ ಕಂಡುಬರಲಿಲ್ಲ. ಬರೆಯ ಗಾಯದ ಮೂಲಕ ಧನುರ್ವಾಯು ತಗಲುವ ಅಪಾಯವೂ ಉಂಟು. ಸಾಕುಪ್ರಾಣಿಗಳಲ್ಲೇ ಧನುರ್ವಾಯುವಿಗೆ ಅತಿ ಸುಲಭವಾಗಿ ಬಲಿಯಾಗುವುದು ಕುದುರೆ.

ನಮ್ಮ ನಾಡಿನ ಪಶುವೈದ್ಯ ಪರಂಪರೆಯನ್ನು ಇಲ್ಲಿ ಹೀಗಳೆಯುತ್ತಿಲ್ಲ. ಕಲ್ಯಾಣ ಚಾಲುಕ್ಯರ ಮನೆತನದ ಕೀರ್ತಿವರ್ಮ 12ನೆಯ ಶತಮಾನದಲ್ಲೇ ಕನ್ನಡದಲ್ಲಿ ‘ಗೋವೈದ್ಯ’ ಬರೆದ. ಆದರೆ ಒಂದು ಚಿಕಿತ್ಸೆ ಹಳೆಯದೆಂಬುದು ಅದು ಸರಿಯೆನ್ನುವುದಕ್ಕೆ ಆಧಾರವಾಗದು, ಹೊಸದೆಂಬುದೂ ಅಷ್ಟೆ. ಲೇಸರನ್ನೂ ಇದೇ ತಕ್ಕಡಿಯಲ್ಲಿ ತೂಗೋಣ.

ಬೆಳಕನ್ನು ಹೀರುವುದು ನೀರು

1960ರ ಮೇ 16ರಂದು ಥಿಯೊಡೋರ್ ಮೈಮನ್ ಕೆಂಪುಮಣಿಯ ಹರಳಿನಿಂದ ಮೊದಲ ಲೇಸರ್ ಬೆಳಗಿಸಿದ. ನಾಲ್ಕು ವರ್ಷಗಳೊಳಗೆ, ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರನ್ನು ರೂಪಿಸಿದರು. ಅದೇ 1964ರಲ್ಲಿ ಅದೇ ಪ್ರಯೋಗಾಲಯದಿಂದ ನಿಯೋಡಿಮಿಯಮ್-ಯಾಗ್ ಲೇಸರ್ ಕೂಡ ಬಂದಿತು. ಹೋಲ್ಮಿಯಮ್-ಯಾಗ್ ಲೇಸರ್ ಶಸ್ತ್ರಚಿಕಿತ್ಸೆಯ ಕೋಣೆಗೆ ಬಂದದ್ದು ಆಮೇಲೆ.

ಇವುಗಳ ನಡುವಿನ ಮುಖ್ಯ ವ್ಯತ್ಯಾಸ ತರಂಗಾಂತರ. ಮೃದ್ವಸ್ಥಿಯಲ್ಲಿ ಹೆಚ್ಚಿರುವುದು ನೀರು. ಆದ್ದರಿಂದ ಯಾವ ತರಂಗಾಂತರವನ್ನು ನೀರು ಎಷ್ಟು ಹೀರುತ್ತದೆ ಎಂಬುದೇ ಬೆಳಕು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಕಾರ್ಬನ್ ಡೈಆಕ್ಸೈಡ್ ಲೇಸರಿನ 10,600 ನ್ಯಾನೊಮೀಟರ್ ಬೆಳಕನ್ನು ನೀರು ಆತುರದಿಂದ ಹೀರುತ್ತದೆ. ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ದಾಟುವಷ್ಟರಲ್ಲಿ ಅದರ ಬಹುಭಾಗ ಮುಗಿದಿರುತ್ತದೆ. ಹೋಲ್ಮಿಯಮ್ ಲೇಸರಿನ 2,100 ನ್ಯಾನೊಮೀಟರ್ ಬೆಳಕು ಸುಮಾರು 0.4 ಮಿಲಿಮೀಟರ್ ಇಳಿಯುತ್ತದೆ. ನಿಯೋಡಿಮಿಯಮ್ ಲೇಸರಿನ 1,064 ನ್ಯಾನೊಮೀಟರ್ ಬೆಳಕನ್ನು ನೀರು ಅಷ್ಟಾಗಿ ಲೆಕ್ಕಿಸುವುದಿಲ್ಲ. ಅದು ಅಂಗಾಂಶದೊಳಗೆ ಚದುರುತ್ತ ಹಲವು ಮಿಲಿಮೀಟರ್ ಹೋಗುತ್ತದೆ.

ಮೇಲ್ನೋಟಕ್ಕೆ ಕಾರ್ಬನ್ ಡೈಆಕ್ಸೈಡ್ ಲೇಸರೇ ಉತ್ತಮವೆನಿಸುತ್ತದೆ. ತೆಳ್ಳಗೆ ಕೆರೆಯಬಹುದಲ್ಲವೇ? 1990ರ ದಶಕದ ಆರಂಭದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಶುವೈದ್ಯರು ಇದರಿಂದ ಕುದುರೆಗಳ ಕೀಲಿನಲ್ಲಿ ಮೃದ್ವಸ್ಥಿಯನ್ನು ಆವಿಮಾಡಿ, ಕೆಳಗಿನ ಮೂಳೆಗೆ ತೂತು ಕೊರೆಯುವ ಪ್ರಯೋಗಗಳನ್ನು ನಡೆಸಿದ್ದುಂಟು. ತೊಡಕೇನೆಂದರೆ, ಕೀಲುದರ್ಶಕದ ಶಸ್ತ್ರಚಿಕಿತ್ಸೆಯಲ್ಲಿ ಕೀಲನ್ನು ಲವಣದ್ರಾವಣದಿಂದ ತುಂಬಿಸಿ ಉಬ್ಬಿಸಿರುತ್ತಾರೆ. ಈ ಬೆಳಕು ಮೃದ್ವಸ್ಥಿಯನ್ನು ಮುಟ್ಟುವ ಮೊದಲೇ ಆ ನೀರು ಅದನ್ನು ಕುಡಿದುಬಿಡುತ್ತದೆ. ನೀರಿನ ಬದಲು ಅನಿಲ ತುಂಬಬೇಕು. ಸಾಮಾನ್ಯ ಗಾಜಿನ ಎಳೆಯಲ್ಲೂ ಈ ಬೆಳಕು ಸಾಗದು.

ಹೋಲ್ಮಿಯಮ್ ಬೆಳಕು ಗಾಜಿನೆಳೆಯಲ್ಲಿ ಸಲೀಸಾಗಿ ಹೋಗುತ್ತದೆ. ಎಳೆಯ ತುದಿಯಲ್ಲಿರುವ ನೀರು ಮಿಡಿತದ ಮೊದಲ ಭಾಗದಲ್ಲೇ ಕುದಿದು ಆವಿಯ ಗುಳ್ಳೆಯಾಗುತ್ತದೆ. ಮಿಡಿತದ ಉಳಿದ ಬೆಳಕು ಆ ಗುಳ್ಳೆಯ ಮೂಲಕ ದಾರಿಮಾಡಿಕೊಂಡು ಗುರಿ ತಲುಪುತ್ತದೆ. ಸಮುದ್ರವನ್ನು ಸೀಳಿ ದಾರಿ ಮಾಡಿದ ಬೈಬಲಿನ ಮೋಸೆಸ್‌ನ ನೆನಪಿನಲ್ಲಿ ಇದಕ್ಕೆ ‘ಮೋಸೆಸ್ ಪರಿಣಾಮ’ ಎಂದು ಹೆಸರು. ಹೀಗಾಗಿ 1990ರ ದಶಕದಲ್ಲಿ ಮನುಷ್ಯರ ಮಂಡಿಯಲ್ಲಿ ನಾರುನಾರಾದ ಮೃದ್ವಸ್ಥಿಯನ್ನು ನುಣುಪು ಮಾಡಲು ಹೋಲ್ಮಿಯಮ್ ಲೇಸರ್ ಬಹಳ ಬಳಕೆಗೆ ಬಂದಿತು. ಕುದುರೆಯ ಶಸ್ತ್ರವೈದ್ಯರ ಆಸಕ್ತಿಯೂ ಅಲ್ಲಿಂದಲೇ ಬೆಳೆಯಿತು.

ಒಂದು ಜೂಲ್‌ನ ಲೆಕ್ಕ

ಒಂದು ಘನ ಮಿಲಿಮೀಟರ್ ನೀರು ಒಂದು ಮಿಲಿಗ್ರಾಂ ತೂಗುತ್ತದೆ. ಅದನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಮಾಡಲು 4.2 ಮಿಲಿಜೂಲ್ ಬೇಕು. ಕುದುರೆಯ ದೇಹದ 38 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು 260 ಮಿಲಿಜೂಲ್, ಆಮೇಲೆ ಆವಿಯಾಗಿಸಲು ಇನ್ನೂ 2,260 ಮಿಲಿಜೂಲ್. ಒಟ್ಟು ಸುಮಾರು ಎರಡೂವರೆ ಜೂಲ್. ಒಂದು ಜೂಲ್‌ನ ಒಂದು ಮಿಡಿತ ಹೆಚ್ಚೆಂದರೆ 0.4 ಘನ ಮಿಲಿಮೀಟರನ್ನು ಆವಿಮಾಡಬಲ್ಲುದು. ಇದು ಕೆತ್ತನೆಯ ಲೆಕ್ಕ.

ಇನ್ನು ಸಾವಿನ ಲೆಕ್ಕ. ಮೃದ್ವಸ್ಥಿಯ ಜೀವಕೋಶಗಳು 50ರಿಂದ 55 ಡಿಗ್ರಿಯ ಆಸುಪಾಸಿನಲ್ಲಿ ಸಾಯತೊಡಗುತ್ತವೆ. ಅದೇ ಒಂದು ಘನ ಮಿಲಿಮೀಟರನ್ನು 38ರಿಂದ 55 ಡಿಗ್ರಿಗೆ ಏರಿಸಲು ಬೇಕಾದದ್ದು 71 ಮಿಲಿಜೂಲ್ ಮಾತ್ರ. ಆವಿಮಾಡಲು ಬೇಕಾದ ಶಕ್ತಿಯ ಮೂವತ್ತೈದನೆಯ ಒಂದು ಪಾಲು! ಎಷ್ಟೇ ಜಾಗರೂಕತೆಯಿಂದ ಕೆತ್ತಿದರೂ, ಕೆತ್ತಿದ ಗುಳಿಯ ಸುತ್ತ ಮಿಕ್ಕ ಶಾಖ ಒಂದು ಸತ್ತ ಪದರವನ್ನು ಉಳಿಸುವುದು ಇದರಿಂದಲೇ. ಹೊರಗೆ ನುಣುಪಾಗಿ ಹೊಳೆಯುತ್ತದೆ. ಒಳಗೆ ಬಲೆಯನ್ನು ನೋಡಿಕೊಳ್ಳುವ ಕೋಶಗಳೇ ಇರುವುದಿಲ್ಲ.

ಇಲ್ಲಿ ಹಿಂದಿನ ಅಳತೆಗೆ ಬರೋಣ. ಹೋಲ್ಮಿಯಮ್ ಬೆಳಕು ಪ್ರತಿ 0.4 ಮಿಲಿಮೀಟರಿಗೆ ತನ್ನ ಶೇಕಡ 63ರಷ್ಟನ್ನು ಬಿಟ್ಟುಕೊಡುತ್ತದೆ, 37ರಷ್ಟು ಮುಂದಕ್ಕೆ ಹೋಗುತ್ತದೆ. ಮೃದ್ವಸ್ಥಿ 0.8 ಮಿಲಿಮೀಟರ್ ದಪ್ಪವಿದ್ದರೆ 37ರಲ್ಲಿ ಮತ್ತೆ ಶೇಕಡ 37, ಅಂದರೆ ಮೂಲ ಬೆಳಕಿನ ಸುಮಾರು ಶೇಕಡ 14 ಕೆಳಗಿನ ಮೂಳೆಗೆ ಮುಟ್ಟುತ್ತದೆ. ಗುಳ್ಳೆ, ಚದುರಿಕೆ, ಹಾರಿಹೋಗುವ ಚೂರುಗಳು ಇವೆಲ್ಲ ಸೇರಿದರೆ ನಿಜವಾದ ಅಂಕಿ ಬದಲಾಗುತ್ತದೆ, ಆದರೆ ಪ್ರಮಾಣದ ಕಲ್ಪನೆಗೆ ಇಷ್ಟು ಸಾಕು. ಮನುಷ್ಯನ ಮಂಡಿಯ ಎರಡು ಮಿಲಿಮೀಟರಿಗೂ ಮಿಕ್ಕ ದಪ್ಪದಲ್ಲಿ ಈ ಪಾಲು ನೂರರಲ್ಲಿ ಒಂದಕ್ಕಿಂತ ಕಡಿಮೆಯಾಗುತ್ತಿತ್ತು. ಅಂದರೆ ಮನುಷ್ಯನ ಮಂಡಿಗೆ ಹೊಂದಿಸಿದ ಯಂತ್ರವನ್ನು ಹಾಗೆಯೇ ಕುದುರೆಯ ಮಣಿಕಟ್ಟಿಗೆ ತರುವಂತಿಲ್ಲ.

ಮಿಡಿತಗಳ ನಡುವಿನ ಬಿಡುವೂ ಮುಖ್ಯ. 0.4 ಮಿಲಿಮೀಟರ್ ಪದರ ತಣಿಯಲು ಹಿಂದಿನ ಸೂತ್ರದಂತೆ 0.3 ಸೆಕೆಂಡ್ ಬೇಕು. ಯಂತ್ರ ಸೆಕೆಂಡಿಗೆ ಹತ್ತು ಮಿಡಿತ ಬಿಟ್ಟರೆ ಎರಡರ ನಡುವೆ ಇರುವುದು 0.1 ಸೆಕೆಂಡ್. ಮೊದಲ ಬಿಸಿ ಆರುವ ಮುನ್ನ ಎರಡನೆಯದು, ಮೂರನೆಯದು ಬಂದು ಬೀಳುತ್ತವೆ. ಮನುಷ್ಯರಲ್ಲಿ ಲೇಸರ್ ಬಳಸಿ ಮಂಡಿಯ ಶಸ್ತ್ರಚಿಕಿತ್ಸೆಯಾದ ಕೆಲವರಲ್ಲಿ ಮೃದ್ವಸ್ಥಿಯ ಕೆಳಗಿನ ಮೂಳೆ ಸತ್ತುಹೋದ ಪ್ರಕರಣಗಳು 1990ರ ದಶಕದ ನಡುವಿನಿಂದ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗತೊಡಗಿದವು. ಆ ಉತ್ಸಾಹ ಇಳಿದದ್ದು ಅಲ್ಲಿಂದಲೇ. ಇಂದು ಕುದುರೆಯ ಕೀಲಿನಿಂದ ಮೂಳೆಚಕ್ಕೆ ತೆಗೆಯಲು, ಸಡಿಲ ಮೃದ್ವಸ್ಥಿಯನ್ನು ಕೆರೆಯಲು ಕೀಲುದರ್ಶಕದ ಜೊತೆ ಬಳಕೆಯಾಗುವುದು ಹೆಚ್ಚಾಗಿ ಉಕ್ಕಿನ ಉಪಕರಣಗಳೇ. ಉಕ್ಕು ಕೆರೆದಲ್ಲಿ ಕೆರೆಯುತ್ತದೆ, ಪಕ್ಕದ್ದನ್ನು ಬೇಯಿಸುವುದಿಲ್ಲ.

ಕೊಲ್ಲುವುದೇ ಚಿಕಿತ್ಸೆಯಾದಾಗ

ಲೇಸರಿನ ಈ ಸುಡುವ ಗುಣವೇ ಬೇಕಾಗುವ ಒಂದು ಸಂದರ್ಭವಿದೆ. ಹಿಂಗಾಲಿನ ಹಿಮ್ಮಡಿಯ ಕೆಳಭಾಗದಲ್ಲಿ ಅಷ್ಟಾಗಿ ಅಲುಗಾಡದ ಚಪ್ಪಟೆ ಕೀಲುಗಳಿವೆ. ಭಾರ ಎಳೆಯುವ, ತಿರುಗುವ, ಜಿಗಿಯುವ ಕುದುರೆಗಳಲ್ಲಿ ಇವುಗಳ ಮೃದ್ವಸ್ಥಿ ಸವೆದು ‘ಸ್ಪ್ಯಾವಿನ್’ ಎಂಬ ದೀರ್ಘಕಾಲದ ನೋವು ಬರುತ್ತದೆ. ಈ ಕೀಲುಗಳು ಪೂರ್ತಿ ಬೆಸೆದು ಒಂದೇ ಮೂಳೆಯಾದರೆ ನೋವು ನಿಲ್ಲುತ್ತದೆ, ನಡಿಗೆಗೆ ಹೆಚ್ಚೇನೂ ಅಡ್ಡಿಯಾಗುವುದಿಲ್ಲ. ನಿಸರ್ಗವೇ ಎಷ್ಟೋ ವರ್ಷ ತೆಗೆದುಕೊಂಡು ಕೊನೆಗೆ ಹೀಗೆ ಮಾಡುವುದುಂಟು. ನಿಯೋಡಿಮಿಯಮ್ ಅಥವಾ ಡಯೋಡ್ ಲೇಸರಿನ ಎಳೆಯನ್ನು ಸೂಜಿಯ ಮೂಲಕ ಒಳಕ್ಕೆ ತೂರಿಸಿ, ಉಳಿದಿರುವ ಮೃದ್ವಸ್ಥಿಯ ಕೋಶಗಳನ್ನು ಬೇಕೆಂದೇ ಬೇಯಿಸಿ ಕೊಂದು ಬೆಸುಗೆಗೆ ದಾರಿಮಾಡುವ ವಿಧಾನ 2000ದ ಸುಮಾರಿಗೆ ಬಳಕೆಗೆ ಬಂದಿತು. ಡ್ರಿಲ್ಲಿನಿಂದ ಕೊರೆಯುವುದು, ರಾಸಾಯನಿಕ ಚುಚ್ಚುವುದು, ಲೇಸರ್ ಈ ಮೂರನ್ನೂ ಹೋಲಿಸಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೂಳೆ ಬೆಸೆಯುವುದರಲ್ಲಿ ಲೇಸರ್ ಹಿಂದೆ ಬಿದ್ದಿತು. ಚಿಕಿತ್ಸೆಯ ನಂತರದ ನೋವು ಕಡಿಮೆಯಿದ್ದದ್ದು ಮಾತ್ರ ಲೇಸರ್ ಪಡೆದ ಕುದುರೆಗಳಿಗೆ.

ಮುಂಗಾಲಿನ ಮಣಿಕಟ್ಟಿನ ಮೇಲಿನೆರಡು ಕೀಲುಗಳಿಗೆ, ಗೊರಸಿನ ಮೇಲ್ಗಡೆಯ ಕೀಲಿಗೆ ಇದು ಸಲ್ಲದು. ಅವು ಬೆಸೆದರೆ ಕುದುರೆ ದುಡಿಮೆಗೆ ಮರಳದು.

ತಣ್ಣನೆಯ ಲೇಸರ್

ಜಾಹೀರಾತುಗಳಲ್ಲಿ ‘ಲೇಸರ್ ಥೆರಪಿ’ ಎಂದು ಕಾಣುವುದು ಇದಾವುದೂ ಅಲ್ಲ. ಚರ್ಮದ ಮೇಲೆ ಹಿಡಿಯುವ, 600ರಿಂದ 1,000 ನ್ಯಾನೊಮೀಟರಿನ ಕೆಂಪು ಅಥವಾ ಅವಕೆಂಪು ಬೆಳಕಿನ ಸಣ್ಣ ಯಂತ್ರ ಅದು. ಇದರ ಮೂಲ ಹಂಗರಿಯ ಬುಡಾಪೆಸ್ಟಿನಲ್ಲಿದೆ. 1967ರಲ್ಲಿ ಎಂಡ್ರೆ ಮೆಸ್ಟರ್ ದುರ್ಬಲ ಕೆಂಪು ಲೇಸರಿನ ಪರಿಣಾಮವನ್ನು ಇಲಿಗಳ ಮೇಲೆ ನೋಡುತ್ತಿದ್ದಾಗ, ಬೋಳಿಸಿದ ಜಾಗದಲ್ಲಿ ಕೂದಲು ಬೇಗ ಬೆಳೆದುದನ್ನು ಕಂಡ. ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದಲ್ಲಿರುವ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಈ ಬೆಳಕನ್ನು ಹೀರಿ ಕೋಶವನ್ನು ಚುರುಕಾಗಿಸುತ್ತದೆ ಎಂಬುದು ಹೆಚ್ಚು ಪ್ರಚಲಿತವಾದ ವಿವರಣೆ.

ಇದನ್ನು ‘ತಣ್ಣನೆಯ’ ಲೇಸರ್ ಎನ್ನುವುದು ಸರಿಯೇ? 0.1 ವಾಟಿನ ಬೆಳಕನ್ನು ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಒಂದು ನಿಮಿಷ ಹಿಡಿದರೆ 6 ಜೂಲ್. ಅದು ಒಂದು ಸೆಂಟಿಮೀಟರ್ ಆಳದವರೆಗೆ ಹರಡಿ ಅಲ್ಲೇ ಉಳಿದರೂ ಬಿಸಿ ಏರುವುದು ಸುಮಾರು 1.4 ಡಿಗ್ರಿ. ರಕ್ತಪ್ರವಾಹ ಅದನ್ನೂ ಒಯ್ಯುತ್ತದೆ. ಹೌದು, ತಣ್ಣನೆಯದೇ. ಅಪಾಯ ಕಡಿಮೆ.

ಪ್ರಯೋಜನ? ಕುದುರೆಯ ಕಪ್ಪು ಚರ್ಮ ಮತ್ತು ದಟ್ಟ ರೋಮ ಬೆಳಕಿನ ದೊಡ್ಡ ಪಾಲನ್ನು ಹೊರಗೇ ತಡೆಯುತ್ತವೆ. ರೋಮ ಕತ್ತರಿಸಿ, ಚರ್ಮ ಒರೆಸಿದರೆ ಒಳಕ್ಕೆ ಹೋಗುವ ಪಾಲು ಹೆಚ್ಚುತ್ತದೆ ಎಂಬುದನ್ನು ಕುದುರೆಗಳಲ್ಲೇ ಅಳೆದು ನೋಡಿದ್ದಾರೆ. ಹಾಗಿದ್ದರೂ ಒಂದು ಸೆಂಟಿಮೀಟರ್ ಆಳದ ಮೃದ್ವಸ್ಥಿಗೆ ತಲುಪುವುದು ಅಲ್ಪಸ್ವಲ್ಪ. ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ, ಇಲಿ ಮೊಲಗಳ ತೆಳು ಕಾಲುಗಳಲ್ಲಿ ಕಂಡ ಫಲವನ್ನು ಕುದುರೆಯ ಕಾಲಿಗೆ ಹಾಗೆಯೇ ಹಚ್ಚುವುದು ಅವಸರವಾಗುತ್ತದೆ. ಬಾವು, ನೋವು ಸ್ವಲ್ಪ ತಗ್ಗಬಹುದು. ಹೋದ ಮೃದ್ವಸ್ಥಿ ಇದರಿಂದ ಮರಳಿ ಬೆಳೆಯುತ್ತದೆ ಎನ್ನುವ ಮಾರಾಟಗಾರನ ಮಾತನ್ನು ನಂಬಲು ಇಂದಿಗೂ ಆಧಾರ ಸಾಲದು. ಯಂತ್ರ ತಂದವರನ್ನು ಕೇಳಬೇಕಾದ ಪ್ರಶ್ನೆಗಳು ಸರಳ: ತರಂಗಾಂತರ ಎಷ್ಟು, ಎಷ್ಟು ವಾಟ್, ಎಷ್ಟು ಜಾಗದ ಮೇಲೆ, ಎಷ್ಟು ಹೊತ್ತು? ಉತ್ತರ ಬಾರದಿದ್ದರೆ ಲೆಕ್ಕ ಮಾಡಲು ಬರುವುದಿಲ್ಲ. ಜೊತೆಗೆ ಇನ್ನೊಂದು ಎಚ್ಚರಿಕೆ. ಈಚೆಗೆ ಬರುತ್ತಿರುವ ಹೆಚ್ಚು ವಾಟಿನ ಯಂತ್ರಗಳ ಅವಕೆಂಪು ಬೆಳಕು ಕಣ್ಣಿಗೆ ಕಾಣದು, ಆದರೆ ಕಣ್ಣಿನ ಪಟಲವನ್ನು ಸುಡಬಲ್ಲುದು. ಹಿಡಿದವರಿಗೂ ಕುದುರೆಗೂ ಕಣ್ಣಿನ ರಕ್ಷಣೆ ಬೇಕೇ ಬೇಕು.

ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅದೇ. ರಷ್ಯದ ಭೌತವಿಜ್ಞಾನಿ ಎಮಿಲ್ ಸೊಬೊಲ್ ಮತ್ತು ಗ್ರೀಸಿನ ವೈದ್ಯರು, ಮೃದ್ವಸ್ಥಿಯನ್ನು ಲೇಸರಿನಿಂದ ಸುಮಾರು 70 ಡಿಗ್ರಿಗೆ ಕ್ಷಣಕಾಲ ಬಿಸಿಮಾಡಿದರೆ ಅದರೊಳಗಿನ ಬಿಗಿತ ಸಡಿಲಿ, ಬಾಗಿಸಿದ ಆಕಾರವನ್ನೇ ಉಳಿಸಿಕೊಳ್ಳುವುದನ್ನು 1993ರಲ್ಲಿ ವರದಿಮಾಡಿದರು. ಸೊಬೊಲ್ ಬಳಗ ಮುಂದೆ 1,560 ನ್ಯಾನೊಮೀಟರಿನ ಲೇಸರನ್ನು ಹಿಡಿಯಿತು. ನೀರಿನಲ್ಲಿ ಅದರ ಇಳಿತ ಸುಮಾರು ಒಂದು ಮಿಲಿಮೀಟರ್. ಕೆತ್ತದೆ, ಸುಡದೆ, ಅಂತರ ಬಿಟ್ಟ ಚಿಕ್ಕ ಚಿಕ್ಕ ಬಿಂದುಗಳನ್ನು ಮಾತ್ರ ಮಿಡಿತಗಳಿಂದ ಬಿಸಿಮಾಡುವುದು, ಅವುಗಳ ನಡುವೆ ಉಳಿದ ಜೀವಂತ ಕೋಶಗಳು ಈ ಬಿಸಿ ಮತ್ತು ಎಳೆತದ ಪ್ರಚೋದನೆಯಿಂದ ಹೊಸ ಬಲೆ ಹೆಣೆಯುವಂತೆ ಮಾಡುವುದು ಅವರ ಯೋಚನೆ. ಮನುಷ್ಯರ ಬೆನ್ನುಹುರಿಯ ಮೂಳೆಗಳ ನಡುವಿನ ಬಿಲ್ಲೆಗಳಲ್ಲಿ ಇದನ್ನು ಚಿಕಿತ್ಸೆಯಾಗಿ ಬಳಸಿದ್ದಾರೆ, ಪ್ರಾಣಿಗಳ ಕೀಲುಗಳಲ್ಲಿ ಪ್ರಯೋಗಗಳಾಗಿವೆ. ದೊಡ್ಡ ಸಂಖ್ಯೆಯ ಕುದುರೆಗಳನ್ನು, ದಬ್ಬಳದ ವಿಧಾನದೊಂದಿಗೆ ಹೋಲಿಸುತ್ತ, ವರ್ಷಗಟ್ಟಲೆ ಗಮನಿಸಿದ ಮೇಲಷ್ಟೇ ಇದರ ಬೆಲೆ ಕಟ್ಟಬಹುದು.

ಹುನಗುಂದದ ಕುದುರೆಗೆ

ಇದೆಲ್ಲ ರಾಷ್ಟ್ರೀಯ ಹೆದ್ದಾರಿ 50ರ ಡಾಂಬರಿನ ಮೇಲೆ ಹೇರು ಹೊತ್ತು ನಡೆಯುವ ಕುದುರೆಗೆ ಎಷ್ಟು ದಕ್ಕೀತು? ಪಂದ್ಯದ ಕುದುರೆಗಳ ಬೀಡಾದ ಬೆಂಗಳೂರು ಹುನಗುಂದದಿಂದ ನಾನೂರು ಕಿಲೋಮೀಟರಿಗೂ ದೂರ. ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯಕೀಯ ಕಾಲೇಜಿದೆ, ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಹಿಂಡಿನ ಜೊತೆಗಿರುವವರಿಗೆ ಕೈಗೆಟಕುವುದು ತಾಲ್ಲೂಕಿನ ಪಶು ಆಸ್ಪತ್ರೆ.

ಅಲ್ಲಿ ಆಗಬಹುದಾದದ್ದೂ ಕಡಿಮೆಯಲ್ಲ. ಕಾಲು ಮಡಿಸಿ ಹಿಡಿದು ಬಿಟ್ಟು ನಡೆಸಿ ನೋಡುವ ಪರೀಕ್ಷೆಗೆ ಯಂತ್ರ ಬೇಡ. ಕೀಲು ಬಿಸಿಯಾಗಿದೆಯೇ, ನೀರು ತುಂಬಿದೆಯೇ ಎಂಬುದು ಕೈಗೆ ತಿಳಿಯುತ್ತದೆ. ಎಷ್ಟೋ ಸಲ ಕೀಲಿನದೆಂದುಕೊಂಡ ಕುಂಟು ಗೊರಸಿನದಾಗಿರುತ್ತದೆ: ಒಳಗೆ ಸಿಕ್ಕ ಕಲ್ಲು, ಹೆಚ್ಚು ಬೆಳೆದ ತುದಿ, ಓರೆಯಾಗಿ ಹೊಡೆದ ಲಾಳ. ತುದಿ ಉದ್ದವಾದ ಗೊರಸು ಪ್ರತಿ ಹೆಜ್ಜೆಗೂ ಮೇಲಿನ ಕೀಲುಗಳನ್ನು ಸನ್ನೆಗೋಲಿನಂತೆ ಮೀಟುತ್ತದೆ. ಹಾಗಾಗಿ ಐದಾರು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಮಟ್ಟ ಮಾಡುವ ಲಾಳದವನು ಮೃದ್ವಸ್ಥಿಯ ಮಟ್ಟಿಗೆ ಯಾವ ಲೇಸರಿಗಿಂತಲೂ ಹೆಚ್ಚಿನ ಉಪಕಾರಿ. ಧನುರ್ವಾಯುವಿನ ಲಸಿಕೆ ಅಗ್ಗ. ನೋವು ನಿವಾರಕಗಳನ್ನು ವೈದ್ಯರೇ ಕೊಡಬೇಕು. ಹದ್ದುಗಳ ಸಾವಿಗೆ ಕಾರಣವಾದ ಡೈಕ್ಲೊಫಿನಾಕ್ ಅನ್ನು ಜಾನುವಾರುಗಳಿಗೆ ಬಳಸುವುದನ್ನು ಭಾರತದಲ್ಲಿ 2006ರಲ್ಲೇ ನಿಷೇಧಿಸಲಾಗಿದೆ. ಯಾವ ನೋವು ನಿವಾರಕವಾದರೂ ನೋವು ಅಡಗಿಸಿ ಮರುದಿನವೇ ಹೇರು ಹೊರಿಸಿದರೆ ಉಳಿದಿರುವ ಮೃದ್ವಸ್ಥಿಯನ್ನೂ ಅರೆದಂತಾಗುತ್ತದೆ.

ಉಳಿಯುವುದು ವಿಶ್ರಾಂತಿ: ಮೊದಲ ಕೆಲವು ದಿನ ತಣ್ಣೀರಿನ ಪಟ್ಟಿ, ಆಮೇಲೆ ವಾರಗಟ್ಟಲೆ ಹೇರಿಲ್ಲದೆ ಮೆತ್ತನೆಯ ನೆಲದಲ್ಲಿ ನಿಧಾನವಾದ ನಡಿಗೆ. ನಡೆದರೆ ಮಾತ್ರ ಮೃದ್ವಸ್ಥಿಗೆ ನೀರು ಹೋಗಿಬಂದು ಆಹಾರ ಸಿಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ಜಾಗ ಬದಲಿಸುವ ಬಿಡಾರಕ್ಕೆ ಇದು ಎಲ್ಲಕ್ಕಿಂತ ದುಬಾರಿ ಮದ್ದು. ಹೇರನ್ನು ಇನ್ನೊಂದು ಕುದುರೆಗೆ ಹಂಚಿಕೊಂಡೋ, ಮುಂದಿನ ಊರಿನವರೆಗೆ ಬಾಡಿಗೆಯ ಸರಕುಗಾಡಿ ಹಿಡಿದೋ ಸಾಗುವವರಿದ್ದಾರೆ. ಆಗ ಕುಂಟುವ ಕುದುರೆ ಬರಿಬೆನ್ನಿನಲ್ಲಿ, ರಸ್ತೆ ಬಿಟ್ಟು ಹೊಲದ ಬದುವಿನ ಮೇಲೆ, ಹಿಂಡಿನ ಹಿಂದೆ ನಿಧಾನವಾಗಿ ನಡೆದುಬರಬಹುದು.